ಪತ್ರಾ ಹಾರಿದ ಮನೆಯವರಿಗೆ ಸರ್ವೇಯರ್ ವರದಿ ಯಾಕೆ ಸಿಗುವುದಿಲ್ಲ?

ಮಾನ್ಯ ಸಂಪಾದಕರೇ,

ಏಪ್ರಿಲ್-ಮೇ ಬಂತೆಂದರೆ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬಿರುಗಾಳಿಯ ಸುದ್ದಿ ಇದ್ದೇ ಇರುತ್ತದೆ. ಆಳಂದದ ಕಡೆ ಪತ್ರಾ, ಅಂದರೆ ಛಾವಣಿಯ ತಗಡು, ಹಾರಿದವು, ಚಿಂಚೋಳಿಯಲ್ಲಿ ಮನೆ ಮೇಲೆ ಮರ ಬಿತ್ತು, ಔರಾದದಲ್ಲಿ ಆಲಿಕಲ್ಲು ಸುರಿಯಿತು, ಶಹಾಪುರದಲ್ಲಿ ಗೋಡೆ ಕುಸಿಯಿತು. ತಹಶೀಲ್ದಾರರು ಬಂದು ನೋಡಿದ ಫೋಟೋ ಕೂಡ ಬರುತ್ತದೆ. ಆದರೆ ಆ ಮನೆಗೆ ವಿಮೆ ಇತ್ತಾ, ಇದ್ದರೆ ಹಣ ಬಂತಾ, ಬರದೇ ಇದ್ದರೆ ಮನೆಯವರು ಕೋರ್ಟಿಗೆ ಹೋದರಾ ಅನ್ನುವುದು ಎಲ್ಲೂ ಬರುವುದಿಲ್ಲ. ಅದನ್ನು ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ನಾನು ನಿವೃತ್ತ ಜೂನಿಯರ್ ಇಂಜಿನಿಯರ್. ಕಲಬುರಗಿಯಲ್ಲೇ ಇದ್ದೇನೆ. ನೌಕರಿಯಲ್ಲಿ ಇದ್ದಾಗ ಶಾಲೆ, ಅಂಗನವಾಡಿ ಛಾವಣಿಗಳಿಗೆ ಎಸ್ಟಿಮೇಟ್ ಬರೆಯುತ್ತಿದ್ದೆ. ಈಗ ಬಡಾವಣೆಯವರು, ಅವರ ಬೀಗರು, ಗೊತ್ತಿದ್ದವರು ವಿಮೆ ಕಾಗದ ಹಿಡಿದುಕೊಂಡು ಮನೆಗೆ ಬರುತ್ತಾರೆ. "ಸರ, ಒಂದು ಎಸ್ಟಿಮೇಟ್ ಮಾಡಿ ಕೊಡ್ರಿ" ಅನ್ನುತ್ತಾರೆ. ಹಾಗಾಗಿ ಮನೆಯವರ ಲೆಕ್ಕವನ್ನೂ ನೋಡಿದ್ದೇನೆ, ವಿಮೆ ಕಂಪನಿ ಕಳಿಸಿದ ಸರ್ವೇಯರ್, ಅಂದರೆ ಹಾನಿ ಎಷ್ಟು ಅಂತ ನೋಡಿ ವರದಿ ಕೊಡುವವರ ಲೆಕ್ಕವನ್ನೂ ನೋಡಿದ್ದೇನೆ. ನನ್ನ ಬೇಡಿಕೆ ಒಂದೇ. ಸರ್ವೇಯರ್ ವರದಿ ಕಂಪನಿಗೆ ಹೋದ ದಿನವೇ ಮನೆಯವರ ಕೈಗೂ ಬರಬೇಕು, ಅವರು ಕೇಳದೇ ಇದ್ದರೂ ಬರಬೇಕು. ನಾನು ನೋಡಿದ ಜಗಳಗಳಲ್ಲಿ ಜಾಸ್ತಿ ಪಾಲು ಬೆಳೆದದ್ದು ಆ ಒಂದು ಕಾಗದ ಮನೆಯವರಿಗೆ ಸಿಗದೇ ಇದ್ದದ್ದರಿಂದ.

"ನಮ್ಮ ಕಡೆ ಮನೆಗೆ ಯಾರು ವಿಮೆ ಮಾಡಿಸುತ್ತಾರೆ" ಅಂತ ಕೆಲವರು ಕೇಳಬಹುದು. ತಾವಾಗಿ ಮಾಡಿಸುವವರು ಕಡಿಮೆ, ನಿಜ. ಆದರೆ ಬ್ಯಾಂಕಿನಲ್ಲಿ ಗೃಹ ಸಾಲ ತೆಗೆದುಕೊಂಡವರಲ್ಲಿ ಎಷ್ಟೋ ಜನರ ಮನೆಗೆ ವಿಮೆ ಇದೆ, ಅವರಿಗೇ ಗೊತ್ತಿಲ್ಲ. ಸಾಲ ಕೊಡುವಾಗ ಬ್ಯಾಂಕಿನವರು ಹತ್ತಾರು ಕಡೆ ಸಹಿ ಹಾಕಿಸಿಕೊಳ್ಳುತ್ತಾರೆ. ಅದರಲ್ಲಿ ವಿಮೆಯ ಫಾರಂ ಕೂಡ ಒಂದು. ಪ್ರೀಮಿಯಂ ಖಾತೆಯಿಂದ ಕಡಿತವಾಗುತ್ತದೆ ಅಥವಾ ಸಾಲದಲ್ಲೇ ಸೇರಿಕೊಳ್ಳುತ್ತದೆ. ಪಾಲಿಸಿ ಬ್ಯಾಂಕಿನ ಫೈಲಿನಲ್ಲಿ ಉಳಿಯುತ್ತದೆ. ಗಾಳಿಗೆ ಮೇಲಿನ ಮಹಡಿಯ ಶೆಡ್ ಕಿತ್ತುಕೊಂಡು ಹೋದಾಗ ಆ ಮನುಷ್ಯ ಕೈಸಾಲ ಮಾಡಿ ಹೊಸ ಪತ್ರಾ ಹಾಕಿಸುತ್ತಾನೆ. ತನ್ನ ದುಡ್ಡಿನಲ್ಲೇ ಕೊಂಡ ವಿಮೆ ಒಂದು ಇತ್ತು ಅಂತ ಅವನಿಗೆ ಯಾರೂ ಹೇಳಿರುವುದಿಲ್ಲ. ಸಾಲ ಇರುವವರು ಮೊದಲು ಬ್ಯಾಂಕಿಗೆ ಹೋಗಿ ಪಾಲಿಸಿ ಪ್ರತಿ ಕೇಳಿ. ಬಾಯಲ್ಲಿ ಕೇಳಬೇಡಿ, ಅರ್ಜಿ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ.

ಸರ್ಕಾರದ ಪರಿಹಾರವನ್ನೇ ನಂಬಿಕೊಂಡು ಕೂರುವಂತಿಲ್ಲ. ವಿಪತ್ತು ಪರಿಹಾರ ನಿಧಿಯ 2022-26ರ ಮಾನದಂಡದ ಪ್ರಕಾರ ನಮ್ಮಂಥ ಬಯಲು ಪ್ರದೇಶದಲ್ಲಿ ಮನೆ ಪೂರ್ತಿ ಬಿದ್ದರೆ 1.20 ಲಕ್ಷ ರೂಪಾಯಿ. ಪಕ್ಕಾ ಮನೆಗೆ ಭಾಗಶಃ ಹಾನಿ, ಅದೂ ಕನಿಷ್ಠ ಶೇ 15ರಷ್ಟು ಆಗಿದ್ದರೆ 6,500 ರೂಪಾಯಿ. ಕಚ್ಚಾ ಮನೆಗೆ ಭಾಗಶಃ ಆದರೆ 4,000. ರಾಜ್ಯ ಸರ್ಕಾರ ಕೆಲವು ಸಲ ಮೇಲೆ ಸೇರಿಸಿ ಕೊಟ್ಟಿದೆ. ಆದರೂ 6,500 ರೂಪಾಯಿಗೆ ಇವತ್ತು ಒಂದು ಕೋಣೆಗೆ ಪತ್ರಾ ಹೊದಿಸಲು ಆಗುತ್ತದಾ? ಬೋಲ್ಟು, ಕೂಲಿ, ಸಾಗಾಣಿಕೆಯಲ್ಲೇ ಅದು ಮುಗಿಯುತ್ತದೆ.

ಪಾಲಿಸಿಯಲ್ಲಿ ಏನೇನಿದೆ ಅಂತ ಸ್ವಲ್ಪ ಹೇಳುತ್ತೇನೆ. 2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮೆ ಕಂಪನಿಗಳು ಮನೆಗಳಿಗೆ 'ಭಾರತ್ ಗೃಹ ರಕ್ಷಾ' ಅನ್ನುವ ಒಂದೇ ಮಾದರಿಯ ಪಾಲಿಸಿ ಕೊಡಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಕಡ್ಡಾಯ ಮಾಡಿದೆ. ಬೆಂಕಿ, ಸಿಡಿಲು, ಬಿರುಗಾಳಿ, ಆಲಿಕಲ್ಲು, ಪ್ರವಾಹ, ಭೂಕಂಪ ಎಲ್ಲವೂ ಇದರಲ್ಲಿ ಸೇರಿವೆ. ಮನೆ ಅಂದರೆ ನಾಲ್ಕು ಗೋಡೆ ಮಾತ್ರ ಅಲ್ಲ. ಕಾಂಪೌಂಡ್ ಗೋಡೆ, ಗೇಟು, ಗ್ಯಾರೇಜು, ವರಾಂಡ, ಕೂರಿಸಿದ ನೀರಿನ ಟಾಕಿ, ಸೋಲಾರ್ ಪ್ಯಾನೆಲ್ ಕೂಡ ಮನೆಯ ಭಾಗವೇ. ನಮ್ಮ ಜನ ಕ್ಲೇಮ್ ಬರೆಯುವಾಗ ಪತ್ರಾ ಒಂದನ್ನೇ ಬರೆದು ಬಿಡುತ್ತಾರೆ. ಅದೇ ಗಾಳಿಗೆ ಬಿದ್ದ ಕಾಂಪೌಂಡು, ಒಡೆದ ಟಾಕಿ ಬರೆಯುವುದೇ ಇಲ್ಲ. ಮನೆಯೊಳಗಿನ ಸಾಮಾನಿಗೂ ಕಟ್ಟಡದ ವಿಮಾ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ತಾನಾಗಿಯೇ ರಕ್ಷಣೆ ಇದೆ. ಬಿದ್ದ ಕಲ್ಲು ಮಣ್ಣು ತೆಗೆದು ಸಾಗಿಸುವ ಖರ್ಚು ಕ್ಲೇಮ್ ಮೊತ್ತದ ಶೇ 2ರವರೆಗೆ ಸಿಗುತ್ತದೆ. ಆರ್ಕಿಟೆಕ್ಟ್, ಇಂಜಿನಿಯರ್ ಶುಲ್ಕ ಶೇ 5ರವರೆಗೆ ಸಿಗುತ್ತದೆ.

ಇನ್ನೂ ಒಂದು ದೊಡ್ಡ ಅನುಕೂಲ ಇದೆ. ಮೊದಲಿನ ಪಾಲಿಸಿಗಳಲ್ಲಿ 20 ಲಕ್ಷದ ಮನೆಗೆ 10 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದ್ದರೆ, ಎರಡು ಲಕ್ಷದ ಹಾನಿಗೆ ಒಂದೇ ಲಕ್ಷ ಕೊಡುತ್ತಿದ್ದರು. ಅರ್ಧ ವಿಮೆ ಇದ್ದರೆ ಅರ್ಧ ಪರಿಹಾರ ಅಂತ. ಗೃಹ ರಕ್ಷಾದಲ್ಲಿ ಆ ಕಡಿತ ಇಲ್ಲ. ಆದರೂ ಕಡಿಮೆ ವಿಮೆ ಅಂತ ಹೇಳಿ ಹಣ ಕತ್ತರಿಸಿದ ಒಂದು ಪತ್ರ ನಾನೇ ನೋಡಿದ್ದೇನೆ. ಮನೆಯವರು ಪಾಲಿಸಿಯ ಷರತ್ತನ್ನೇ ತೋರಿಸಿ ತಿರುಗಿ ಬರೆದ ಮೇಲೆ ಸರಿ ಮಾಡಿದರು. ಹಳೆಯ ಬೆಂಕಿ ವಿಮೆ ಪಾಲಿಸಿ ಇದ್ದವರು ಇನ್ನೊಂದು ನೋಡಿಕೊಳ್ಳಬೇಕು. ಅದರಲ್ಲಿ ಪ್ರೀಮಿಯಂ ಸ್ವಲ್ಪ ಉಳಿಸಲು ಬಿರುಗಾಳಿ-ಪ್ರವಾಹದ ಭಾಗವನ್ನೇ ಕೈಬಿಡುವ ಅವಕಾಶ ಇತ್ತು. ಮನೆ 30 ದಿನಕ್ಕಿಂತ ಜಾಸ್ತಿ ಖಾಲಿ ಬಿದ್ದರೆ ವಿಮೆ ನಿಲ್ಲುವ ಷರತ್ತೂ ಇತ್ತು. ದುಡಿಯಲು ಪುಣೆ, ಮುಂಬೈ, ಹೈದರಾಬಾದ್‌ಗೆ ಹೋಗಿ ಮನೆಗೆ ಬೀಗ ಹಾಕುವವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಅಂತ ನಿಮಗೇ ಗೊತ್ತು.

ಈಗ ಜಗಳದ ವಿಷಯಕ್ಕೆ ಬರುತ್ತೇನೆ. ಅಮೆರಿಕದಲ್ಲಿ 2005ರ ಕತ್ರಿನಾ ಚಂಡಮಾರುತ ಆದ ಮೇಲೆ ಮನೆ ವಿಮೆಯ ಮೊಕದ್ದಮೆಗಳು ವರ್ಷಗಟ್ಟಲೆ ನಡೆದವು. ಅಲ್ಲಿನ ಸಾಮಾನ್ಯ ಮನೆ ಪಾಲಿಸಿಯಲ್ಲಿ ಗಾಳಿಯ ಹಾನಿ ಸೇರುತ್ತದೆ, ಪ್ರವಾಹ ಸೇರುವುದಿಲ್ಲ. ಪ್ರವಾಹಕ್ಕೆ 1968ರಿಂದ ಸರ್ಕಾರದ ಬೇರೆ ಯೋಜನೆ ಇದೆ. ಹಾಗಾಗಿ ಮನೆ ಬಿದ್ದದ್ದು ಗಾಳಿಗೋ ನೀರಿಗೋ ಅನ್ನುವುದೇ ಕೋರ್ಟಿನ ಮುಖ್ಯ ಪ್ರಶ್ನೆ ಆಗಿತ್ತು. ನಮ್ಮ ಗೃಹ ರಕ್ಷಾದಲ್ಲಿ ಗಾಳಿ, ನೀರು ಎರಡೂ ಒಂದೇ ಪಾಲಿಸಿಯಲ್ಲಿ ಇವೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ಕಡೆ ಮನೆಗಳಿಗೆ ನೀರು ನುಗ್ಗಿತಲ್ಲ, ಅಂಥದ್ದು ಮತ್ತೆ ಆದರೆ ಗಾಳಿ-ನೀರಿನ ಜಗಳ ನಮಗೆ ಬರಬಾರದು. ನಮ್ಮಲ್ಲಿ ಜಗಳ ಬೇರೆ. "ಇದು ಗಾಳಿಯಿಂದ ಆದದ್ದಲ್ಲ, ಮೊದಲೇ ಹಳೆಯದಾಗಿತ್ತು" ಅನ್ನುವುದು ಒಂದು. "ಆದದ್ದು ನಿಜ, ಆದರೆ ನೀವು ಹೇಳಿದಷ್ಟು ಆಗಿಲ್ಲ" ಅನ್ನುವುದು ಇನ್ನೊಂದು.

ಹಳೆಯದು ಯಾವುದು, ಗಾಳಿಗೆ ಹೋದದ್ದು ಯಾವುದು ಅಂತ ನೋಡಿದರೆ ಗೊತ್ತಾಗುತ್ತದೆ, ಅದರಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಗಾಳಿ ಛಾವಣಿಯ ಮೇಲಿಂದ ಜೋರಾಗಿ ಹಾದು ಹೋಗುವಾಗ ಪತ್ರಾವನ್ನು ಮೇಲಕ್ಕೆ ಎಳೆಯುತ್ತದೆ. ಈ ಎಳೆತ ಅಂಚಿನಲ್ಲಿ, ಮೂಲೆಯಲ್ಲಿ ಜಾಸ್ತಿ. ಒಂದು ಕಡೆ ಬಾಗಿಲೋ ಕಿಟಕಿಯೋ ತೆರೆದಿದ್ದರೆ ಒಳಗೆ ಹೊಕ್ಕ ಗಾಳಿ ಕೆಳಗಿಂದಲೂ ನೂಕುತ್ತದೆ. ಹಾಗಾಗಿ ಮೊದಲು ಹಾರುವುದು ಮೂಲೆಯ ಪತ್ರಾ. ಬೋಲ್ಟಿನ ತೂತು ಉದ್ದಕ್ಕೆ ಸೀಳಿರುತ್ತದೆ, ಸೀಳಿದ ಅಂಚು ಹೊಳೆಯುತ್ತಿರುತ್ತದೆ, ಕಬ್ಬಿಣದ ಆಂಗಲ್ ಇದ್ದ ಜಾಗದಲ್ಲಿ ಪತ್ರಾ ಮಡಚಿಕೊಂಡಿರುತ್ತದೆ. ತುಕ್ಕು ಹಿಡಿದು ಹೋದ ಪತ್ರಾ ಹಾಗೆ ಇರುವುದಿಲ್ಲ. ತೂತಿನ ಸುತ್ತ ಕಂದು ಬಣ್ಣದ ಉಂಗುರ ಇರುತ್ತದೆ, ಅಂಚು ಮುಟ್ಟಿದರೆ ಪುಡಿಯಾಗುತ್ತದೆ. ಈ ವ್ಯತ್ಯಾಸ ಫೋಟೋದಲ್ಲೇ ಕಾಣುತ್ತದೆ. ಆದರೆ ಫೋಟೋ ಹತ್ತಿರದಿಂದ ತೆಗೆದಿರಬೇಕು. ನಮ್ಮವರು ಮನೆಯ ಮುಂದೆ ನಿಂತು ದೂರದಿಂದ ಎರಡು ಫೋಟೋ ತೆಗೆಯುತ್ತಾರೆ. ಸಂಜೆಗೆ ಹರಿದ ಪತ್ರಾವನ್ನು ಗುಜರಿಯವನಿಗೆ ಮಾರಿಬಿಡುತ್ತಾರೆ. ಸರ್ವೇಯರ್ ನೋಡಿ ಹೋಗುವವರೆಗೆ ಒಂದು ತುಂಡನ್ನೂ ಮಾರಬೇಡಿ. ಮಳೆ ತಡೆಯಲು ತಾಡಪತ್ರಿ ಹಾಕಿಕೊಳ್ಳಿ, ಅದು ಹಾಕಲೇಬೇಕು. ಆದರೆ ಮೊದಲು ಫೋಟೋ, ವಿಡಿಯೋ, ಆಮೇಲೆ ತಾಡಪತ್ರಿ.

ಗೋಡೆ ಬಿರುಕಿನ ಜಗಳ ಇದಕ್ಕಿಂತ ಕಷ್ಟದ್ದು. ನಮ್ಮದು ಎರೆ ಮಣ್ಣು. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಪಾಯ ಸರಿ ಇಲ್ಲದ ಮನೆಗಳಲ್ಲಿ ಬಾಗಿಲ ಮೂಲೆಯಿಂದ ಓರೆಯಾಗಿ ಬಿರುಕು ಬರುತ್ತದೆ. ಕಟ್ಟಡ ಸಹಜವಾಗಿ ಕುಸಿದು ಬಿರುಕು ಬಿಟ್ಟರೆ ಅದಕ್ಕೆ ವಿಮೆ ಅನ್ವಯಿಸುವುದಿಲ್ಲ, ಅದು ಸರಿಯೇ. ಆದರೆ ಇದನ್ನೇ ನೆಪ ಮಾಡಿ ಗಾಳಿಗೆ ಬಿದ್ದ ಗೋಡೆಯನ್ನೂ "ಮಣ್ಣಿನ ದೋಷ" ಅಂತ ಬರೆದರೆ ಹೇಗೆ? ಹಳೆಯ ಬಿರುಕಿನ ಒಳಗೆ ಧೂಳು, ಸುಣ್ಣ, ಜೇಡರ ಬಲೆ ಇರುತ್ತದೆ. ಹೊಸ ಬಿರುಕಿನ ಒಳಭಾಗ ಸ್ವಚ್ಛ ಇರುತ್ತದೆ. ಗಾಳಿಗೆ ಬಿದ್ದ ಕಾಂಪೌಂಡು ಒಂದೇ ದಿಕ್ಕಿಗೆ ಮಲಗಿರುತ್ತದೆ, ಅದೇ ಸಾಲಿನ ಪಕ್ಕದ ಮನೆಯವರದ್ದೂ ಅದೇ ದಿಕ್ಕಿಗೆ ಬಿದ್ದಿರುತ್ತದೆ. ಹಳ್ಳಿಗಳ ಮಣ್ಣಿನ ಮಾಳಿಗೆ ಮನೆಗಳದ್ದು ಬೇರೆ ಲೆಕ್ಕ. ಎರಡು ಮೂರು ದಿನ ಬಿಡದೆ ಮಳೆ ಹಿಡಿದರೆ ಮೇಲಿನ ಮಣ್ಣು ನೀರು ಕುಡಿದು ಭಾರವಾಗಿ ಜಂತಿ ಮುರಿಯುತ್ತದೆ. ಅಲ್ಲಿ ಎಷ್ಟು ಮಳೆ ಬಿತ್ತು ಅನ್ನುವ ದಾಖಲೆಯೇ ಮುಖ್ಯ ಸಾಕ್ಷಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇವೆ, ಹೋಬಳಿ ಮಟ್ಟದಲ್ಲಿ ಹವಾಮಾನ ಘಟಕಗಳೂ ಇವೆ. ಆ ದಿನದ ಮಳೆ, ಗಾಳಿಯ ಮಾಹಿತಿ ಕೇಳಿ ಪಡೆಯಬಹುದು.

ನಮ್ಮ ಬೀದಿಯ ಒಬ್ಬರ ವಿಷಯ ಹೇಳಲೇಬೇಕು. ನಿವೃತ್ತ ಬಸ್ ಕಂಡಕ್ಟರ್. ಹೆಸರು ಬೇಡ, ಕಂಪನಿಯ ಹೆಸರೂ ಬೇಡ. ಮೇ ತಿಂಗಳ ಒಂದು ಸಂಜೆ ಗಾಳಿಗೆ ಅವರ ಮೇಲಿನ ಮಹಡಿಯ ಶೆಡ್ ಪೂರ್ತಿ ಹೋಯಿತು. ಅದೇ ಪತ್ರಾ ಬಡಿದು ಪ್ಯಾರಾಪೆಟ್ ಗೋಡೆ ಬಿತ್ತು, ಟಾಕಿ ಒಡೆಯಿತು, ಕೆಳಗಿನ ಕೋಣೆಗಳಿಗೆ ನೀರು ಇಳಿದು ಟಿವಿ, ಹಾಸಿಗೆ, ಅಕ್ಕಿ ಜೋಳ ಎಲ್ಲ ಹಾಳಾದವು. ನಾನು ಮಾಡಿಕೊಟ್ಟ ಎಸ್ಟಿಮೇಟ್ ಎರಡು ಲಕ್ಷದ ಹತ್ತಿರ ಇತ್ತು, ಲೋಕೋಪಯೋಗಿ ಇಲಾಖೆಯ ದರಪಟ್ಟಿ ಹಿಡಿದೇ ಮಾಡಿದ್ದೆ. ಸರ್ವೇಯರ್ ಬಂದರು, ಸ್ವಲ್ಪ ಹೊತ್ತು ನೋಡಿದರು, ಹೋದರು. ಬಹಳ ದಿನ ಸುದ್ದಿ ಇಲ್ಲ. ಆಮೇಲೆ ಕಂಪನಿಯಿಂದ ಒಂದು ಮೊತ್ತ ಬಂತು, ಎಸ್ಟಿಮೇಟಿನ ಕಾಲು ಭಾಗವೂ ಅಲ್ಲ. ಜೊತೆಗೆ ಒಂದು ವೋಚರ್, "ಪೂರ್ಣ ಮತ್ತು ಅಂತಿಮ" ಅಂತ ಸಹಿ ಹಾಕಿ ಕಳಿಸಿ ಅಂತ. ಯಾವುದಕ್ಕೆ ಎಷ್ಟು ಕೊಟ್ಟರು, ಯಾವುದನ್ನು ಯಾಕೆ ಬಿಟ್ಟರು ಅಂತ ಒಂದು ಸಾಲೂ ಇರಲಿಲ್ಲ.

ಅವರು ಸಹಿ ಹಾಕಿದರು. "ಮಳಿ ಬರ್ಲಿಕತ್ತದ ಸರ, ಮನಿ ಮ್ಯಾಲ ಏನೂ ಇಲ್ಲ, ಬಂದಷ್ಟು ಬರಲಿ ಅಂತ ಹಾಕೀನ್ರಿ" ಅಂದರು. ಯಾರಾದರೂ ಅದನ್ನೇ ಮಾಡುತ್ತಾರೆ ಅಲ್ವಾ? ಸಹಿ ಹಾಕಿದ ಮೇಲೆ ಮುಗಿಯಿತು ಅಂತ ಎಲ್ಲರೂ ಹೇಳಿದರು. ಆದರೆ ಮುಗಿಯುವುದಿಲ್ಲ. ವೋಚರಿಗೆ ಸಹಿ ಹಾಕಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ, ಮೋಸದಿಂದಲೋ ಒತ್ತಡದಿಂದಲೋ ಸಹಿ ಪಡೆದಿದ್ದರೆ ಗ್ರಾಹಕರ ನ್ಯಾಯಾಲಯ ನೋಡಬಹುದು ಅಂತ ಸುಪ್ರೀಂ ಕೋರ್ಟ್ 1999ರಲ್ಲೇ ಅಜ್ಮೀರ್ ಸಿಂಗ್ ಕಾಟನ್ ಮಿಲ್ಸ್ ಪ್ರಕರಣದಲ್ಲಿ ಹೇಳಿದೆ. ಐಆರ್‌ಡಿಎಐ ಕೂಡ 2015ರಲ್ಲಿ ಕಂಪನಿಗಳಿಗೆ ಸುತ್ತೋಲೆ ಕಳಿಸಿ, ವೋಚರಿಗೆ ಸಹಿ ಹಾಕಿದರೂ ಪಾಲಿಸಿದಾರ ಹೆಚ್ಚಿನ ಹಣಕ್ಕೆ ಬೇರೆ ವೇದಿಕೆಗೆ ಹೋಗುವುದನ್ನು ತಡೆಯುವಂತಿಲ್ಲ ಅಂದಿದೆ. ಒತ್ತಡ ಇತ್ತು ಅಂತ ತೋರಿಸುವುದು ಮಾತ್ರ ನಮ್ಮ ಮೇಲೆ ಬೀಳುತ್ತದೆ. ಅದಕ್ಕೇ ಸಹಿ ಹಾಕಲೇಬೇಕಾದರೆ "ಆಕ್ಷೇಪಣೆ ಉಳಿಸಿಕೊಂಡು ಪಡೆದಿದ್ದೇನೆ" ಅಂತ ಕೆಳಗೆ ಬರೆದು ಸಹಿ ಹಾಕಿ. ಕಂಪನಿಯವರು ಬರೆಯಲು ಬಿಡದಿದ್ದರೆ ಅದೇ ದಿನ ಇಮೇಲ್ ಕಳಿಸಿ.

ಕಂಡಕ್ಟರ್ ಜಿಲ್ಲಾ ಗ್ರಾಹಕರ ಆಯೋಗಕ್ಕೆ, ಅಂದರೆ ಗ್ರಾಹಕರ ನ್ಯಾಯಾಲಯಕ್ಕೆ ಹೋದರು. ಅಲ್ಲಿ ಕಂಪನಿ ತನ್ನ ಉತ್ತರದ ಜೊತೆ ಸರ್ವೇಯರ್ ವರದಿ ಹಾಕಿತು. ಮನೆಯವರು ಆ ವರದಿಯನ್ನು ಮೊದಲ ಸಲ ನೋಡಿದ್ದು ಆಗಲೇ. ಅದರಲ್ಲಿ ಪತ್ರಾ ಹಳೆಯದು ಅಂತ ಹೇಳಿ ಅರ್ಧಕ್ಕಿಂತ ಜಾಸ್ತಿ ಸವಕಳಿ ಕಡಿತ ಮಾಡಿದ್ದರು. ಶೆಡ್ ಹಾಕಿಸಿ ಮೂರು ವರ್ಷ ಕೂಡ ಆಗಿರಲಿಲ್ಲ, ಬಿಲ್ಲು ಮನೆಯಲ್ಲೇ ಇತ್ತು. ಅದನ್ನು ಯಾರೂ ಕೇಳಿರಲಿಲ್ಲ. ಪ್ಯಾರಾಪೆಟ್ ಗೋಡೆಯ ಹೆಸರೇ ವರದಿಯಲ್ಲಿ ಇರಲಿಲ್ಲ, ಆದರೆ ಅದೇ ವರದಿಗೆ ಅಂಟಿಸಿದ ಫೋಟೋದಲ್ಲಿ ಬಿದ್ದ ಗೋಡೆ ಸ್ಪಷ್ಟವಾಗಿ ಕಾಣುತ್ತಿತ್ತು. ಸಾಮಾನಿಗೆ ಸೊನ್ನೆ. ಈ ವರದಿ ಮೊದಲ ತಿಂಗಳಲ್ಲೇ ಅವರ ಕೈಗೆ ಸಿಕ್ಕಿದ್ದರೆ ಬಿಲ್ಲಿನ ಒಂದು ಜೆರಾಕ್ಸ್, ಒಂದು ಪತ್ರದಲ್ಲಿ ಅರ್ಧ ಜಗಳ ಅಲ್ಲೇ ಮುಗಿಯುತ್ತಿತ್ತು. ನನಗೆ ಸಿಟ್ಟು ಬಂದದ್ದು ಅದಕ್ಕೆ, ಈಗಲೂ ಬರುತ್ತದೆ. ಕೊನೆಗೆ ಆಯೋಗ ಅವರ ಪರವಾಗಿ ಆದೇಶ ಮಾಡಿತು. ಕಂಪನಿ ಮೇಲ್ಮನವಿಗೆ ಹೋಗಿದೆ. ಮೇಲ್ಮನವಿ ಹಾಕಬೇಕಾದರೆ ಆದೇಶದ ಮೊತ್ತದಲ್ಲಿ ಶೇ 50ರಷ್ಟು ಮೊದಲು ಠೇವಣಿ ಇಡಬೇಕು ಅಂತ 2019ರ ಗ್ರಾಹಕರ ರಕ್ಷಣಾ ಕಾಯ್ದೆ ಹೇಳುತ್ತದೆ, ಅಷ್ಟೇ ಸಮಾಧಾನ.

ಸರ್ವೇಯರ್ ಬರೆದದ್ದೇ ಕೊನೆಯ ಮಾತು ಅಂತ ಬಹಳ ಜನ ನಂಬಿದ್ದಾರೆ. ಅದು ತಪ್ಪು. ಸರ್ವೇಯರ್ ವರದಿ ಅಂತಿಮವಲ್ಲ, ಬೇರೆ ಸಾಕ್ಷಿ ಇದ್ದರೆ ಅದನ್ನು ಬಿಟ್ಟು ತೀರ್ಮಾನ ಮಾಡಬಹುದು ಅಂತ 2009ರಲ್ಲಿ ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಂತ ಸುಮ್ನೆ "ವರದಿ ಸುಳ್ಳು" ಅಂದರೆ ಆಗುವುದಿಲ್ಲ. ನಿಮ್ಮದೇ ಇಂಜಿನಿಯರ್ ಎಸ್ಟಿಮೇಟ್, ಬಿಲ್ಲು, ಫೋಟೋ, ಪಂಚನಾಮೆ ಬೇಕು. ನಿರಾಕರಣೆ ಪತ್ರವನ್ನು ಕಾರಣ ಸಮೇತ ಬರವಣಿಗೆಯಲ್ಲೇ ಪಡೆಯಿರಿ, ಫೋನಿನಲ್ಲಿ ಹೇಳಿದ್ದನ್ನು ಕೇಳಿ ಸುಮ್ಮನಾಗಬೇಡಿ. ಯಾಕೆಂದರೆ ಪತ್ರದಲ್ಲಿ ಬರೆಯದ ಹೊಸ ಕಾರಣವನ್ನು ಕಂಪನಿ ಆಮೇಲೆ ಕೋರ್ಟಿನಲ್ಲಿ ತೆಗೆಯುವಂತಿಲ್ಲ. 2019ರ ಸೌರಾಷ್ಟ್ರ ಕೆಮಿಕಲ್ಸ್ ತೀರ್ಪು ಅದನ್ನೇ ಹೇಳಿದೆ. ಪಾಲಿಸಿ ಮಾರುವಾಗ ತಿಳಿಸಿ ಹೇಳದ ಹೊರಗಿಡುವ ಷರತ್ತನ್ನು ಹಾನಿಯಾದ ಮೇಲೆ ತೋರಿಸುವುದೂ ನಡೆಯುವುದಿಲ್ಲ. 2022ರ ಟೆಕ್ಸ್ಕೋ ಮಾರ್ಕೆಟಿಂಗ್ ಪ್ರಕರಣದಲ್ಲಿ ನೆಲಮಾಳಿಗೆಯ ಅಂಗಡಿ ಅಂತ ಗೊತ್ತಿದ್ದೇ ಪಾಲಿಸಿ ಕೊಟ್ಟಿದ್ದರು. ಬೆಂಕಿ ಬಿದ್ದ ಮೇಲೆ ನೆಲಮಾಳಿಗೆಗೆ ವಿಮೆ ಅನ್ವಯಿಸುವುದಿಲ್ಲ ಅಂದರು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮೇಲೆ ಪತ್ರಾ ಶೆಡ್ ಇರುವುದು ನೋಡಿಯೇ ಪಾಲಿಸಿ ಕೊಟ್ಟು, ಆಮೇಲೆ ಶೆಡ್ ಸೇರಿಲ್ಲ ಅನ್ನುವವರಿಗೆ ಈ ತೀರ್ಪು ತೋರಿಸಬೇಕು.

ಗ್ರಾಹಕರ ಆಯೋಗಕ್ಕೆ ಹೋಗಲು ಹೆದರಬೇಕಾಗಿಲ್ಲ. ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಆಫೀಸು ಮುಂಬೈಯಲ್ಲಿದ್ದರೂ ಪರವಾಗಿಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ. ದೂರು ಯಾವ ಆಯೋಗಕ್ಕೆ ಹೋಗಬೇಕು, ಶುಲ್ಕ ಎಷ್ಟು ಅಂತ ಈಗಿನ ಕಾಯ್ದೆಯಲ್ಲಿ ನೋಡುವುದು ನೀವು ಕೊಟ್ಟ ಪ್ರೀಮಿಯಂ ಮೇಲೆ. ಅದು 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ, ಮನೆ ವಿಮೆಯ ಪ್ರೀಮಿಯಂ ಅಷ್ಟು ಯಾರದ್ದು ಇರುತ್ತದೆ? ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. ನೋಟಿಸ್ ಸಿಕ್ಕ ಮೇಲೆ ಕಂಪನಿ 30 ದಿನದಲ್ಲಿ ಉತ್ತರ ಕೊಡಬೇಕು, ಹೆಚ್ಚೆಂದರೆ ಇನ್ನೂ 15 ದಿನ. ಅದಕ್ಕಿಂತ ಒಂದು ದಿನವೂ ಜಾಸ್ತಿ ಕೊಡುವಂತಿಲ್ಲ ಅಂತ 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಹೇಳಿದೆ. 45 ದಿನ ದಾಟಿದರೆ ಎದ್ದು ನಿಂತು ಹೇಳಿ.

ಕಾಯ್ದೆಯಲ್ಲಿ ಮೂರು ತಿಂಗಳಲ್ಲಿ ದೂರು ಮುಗಿಸಲು ಪ್ರಯತ್ನಿಸಬೇಕು ಅಂತ ಇದೆ. ನಿಜದಲ್ಲಿ ಹಾಗೆ ಆಗುವುದಿಲ್ಲ. ಅಧ್ಯಕ್ಷರಿಲ್ಲ, ಸದಸ್ಯರಿಲ್ಲ, ತಾರೀಖು ಮುಂದಕ್ಕೆ. ದೇಶದ ತುಂಬ ಗ್ರಾಹಕರ ಆಯೋಗಗಳಲ್ಲಿ ಹುದ್ದೆ ಖಾಲಿ ಇರುವುದನ್ನು ಸುಪ್ರೀಂ ಕೋರ್ಟ್ 2021ರಲ್ಲಿ ತಾನಾಗಿಯೇ ಕೈಗೆತ್ತಿಕೊಳ್ಳಬೇಕಾಯಿತು. ನಮ್ಮ ಭಾಗದ ಶಾಸಕರು ಬೇರೆ ಎಷ್ಟೋ ಹುದ್ದೆಗಳ ಬಗ್ಗೆ ಸದನದಲ್ಲಿ ಕೇಳುತ್ತಾರೆ, ಕಲಬುರಗಿ, ಬೀದರ್, ಯಾದಗಿರಿಯ ಗ್ರಾಹಕರ ದೂರುಗಳು ಎಷ್ಟು ದಿನದಿಂದ ಬಾಕಿ ಇವೆ ಅಂತಲೂ ಒಂದು ಸಲ ಕೇಳಲಿ.

ಬೇಗ ಆಗಬೇಕು ಅನ್ನುವವರಿಗೆ ವಿಮೆಯ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್ ದಾರಿ ಇದೆ. ಕರ್ನಾಟಕಕ್ಕೆ ಬೆಂಗಳೂರಿನಲ್ಲಿ ಕಚೇರಿ. ಮೊದಲು ಕಂಪನಿಗೆ ಲಿಖಿತ ದೂರು ಕೊಡಬೇಕು. ಒಂದು ತಿಂಗಳು ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ ಒಂದು ವರ್ಷದೊಳಗೆ ಒಂಬುಡ್ಸ್‌ಮನ್‌ಗೆ ಹೋಗಬಹುದು. ಶುಲ್ಕ ಇಲ್ಲ, ವಕೀಲರಿಗೆ ಪ್ರವೇಶವೇ ಇಲ್ಲ, 50 ಲಕ್ಷದವರೆಗೆ ಅಧಿಕಾರ ಇದೆ. ಅವರ ಆದೇಶವನ್ನು ಕಂಪನಿ 30 ದಿನದಲ್ಲಿ ಪಾಲಿಸಬೇಕು. ನಿಮಗೆ ಒಪ್ಪಿಗೆ ಆಗದಿದ್ದರೆ ಆಮೇಲೂ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಆದರೆ ಮೊದಲೇ ಆಯೋಗದಲ್ಲಿ ಕೇಸು ಹಾಕಿದ್ದರೆ ಒಂಬುಡ್ಸ್‌ಮನ್ ಮುಟ್ಟುವುದಿಲ್ಲ. ಈ ಕ್ರಮ ಗೊತ್ತಿಲ್ಲದೆ ಒಳ್ಳೆಯ ದಾರಿಯನ್ನು ಮುಚ್ಚಿಕೊಂಡವರನ್ನು ನೋಡಿದ್ದೇನೆ. ಐಆರ್‌ಡಿಎಐ ದೂರವಾಣಿ 155255, 'ಬಿಮಾ ಭರೋಸಾ' ಜಾಲತಾಣದಲ್ಲೂ ದೂರು ಬರೆಯಬಹುದು.

2024ರ ಜೂನ್‌ನಲ್ಲಿ ಐಆರ್‌ಡಿಎಐ ಹೊರಡಿಸಿದ ಸುತ್ತೋಲೆಯಲ್ಲಿ ಒಳ್ಳೆಯ ಅಂಶಗಳಿವೆ. ಕ್ಲೇಮ್ ತಿಳಿಸಿದ 24 ಗಂಟೆಯಲ್ಲಿ ಸರ್ವೇಯರ್ ನೇಮಿಸಬೇಕು, 15 ದಿನದಲ್ಲಿ ವರದಿ ಪಡೆಯಬೇಕು, ಅದು ಬಂದ 7 ದಿನದಲ್ಲಿ ತೀರ್ಮಾನ ಹೇಳಬೇಕು. ಕಾಗದ ಪತ್ರ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವಂತಿಲ್ಲ. ಇದನ್ನು ಓದಿ ನನಗೆ ಖುಷಿ ಆಯಿತು. ಆದರೆ ವರದಿ ಕಂಪನಿಗೆ 15 ದಿನದಲ್ಲಿ ಬಂದರೂ ಮನೆಯವರಿಗೆ ಯಾವಾಗ? 2017ರ ನಿಯಮಗಳಲ್ಲಿ ಪಾಲಿಸಿದಾರ ಬಯಸಿದರೆ ಅವನಿಗೂ ವರದಿಯ ಪ್ರತಿ ಕೊಡಬೇಕು ಅಂತ ಇತ್ತು. ಕೇಳಬಹುದು ಅಂತಲೇ ಗೊತ್ತಿಲ್ಲದವನು ಹೇಗೆ ಕೇಳುತ್ತಾನೆ? ಕೇಳಿದವರಿಗೂ "ಅದು ಆಫೀಸಿನ ಕಾಗದ" ಅಂತ ಹೇಳಿ ಕಳಿಸಿದ್ದನ್ನು ಕೇಳಿದ್ದೇನೆ. ಹಾಗಾಗಿ ಕ್ಲೇಮ್ ಫಾರಂ ಕೊಡುವ ದಿನವೇ ಕೊನೆಯಲ್ಲಿ ಒಂದು ಸಾಲು ಸೇರಿಸಿ: "ಸರ್ವೇಯರ್ ವರದಿಯ ಪ್ರತಿಯನ್ನು ನನಗೂ ಕೊಡಬೇಕು." ನಮ್ಮ ಬಡಾವಣೆಯಲ್ಲಿ ಈಗ ಯಾರಿಗೆ ಫಾರಂ ತುಂಬಿಕೊಟ್ಟರೂ ಈ ಸಾಲು ಬರೆಸುತ್ತೇನೆ.

ಒಬ್ಬೊಬ್ಬರೇ ಕೇಳಿ ಪಡೆಯುವುದರಿಂದ ಎಲ್ಲರಿಗೂ ಆಗುವುದಿಲ್ಲ. ಪ್ರತಿ ಮೂರು ತಿಂಗಳಿಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ಜಿಲ್ಲೆಯ ಬ್ಯಾಂಕುಗಳ ಸಭೆ, ಅಂದರೆ ಲೀಡ್ ಬ್ಯಾಂಕ್ ಸಭೆ ನಡೆಯುತ್ತದೆ. ಸಾಲ ಎಷ್ಟು ಕೊಟ್ಟಿರಿ, ಎಷ್ಟು ವಸೂಲಾಯಿತು ಅಂತ ಅಲ್ಲಿ ಕೇಳುತ್ತಾರೆ. ಗೃಹ ಸಾಲ ಪಡೆದವರಲ್ಲಿ ಎಷ್ಟು ಜನರಿಗೆ ವಿಮೆ ಪಾಲಿಸಿಯ ಪ್ರತಿ ಕೊಟ್ಟಿದ್ದೀರಿ ಅಂತಲೂ ಅಲ್ಲೇ ಕೇಳಬೇಕು. ಪಾಲಿಸಿಯ ಜೊತೆ ಎರಡು ಪುಟದಲ್ಲಿ ಕನ್ನಡದ ಸಾರಾಂಶ ಕೊಡಿಸಬೇಕು, ಬೀದರಿನ ಗಡಿ ಊರುಗಳಿಗೆ ಮರಾಠಿ, ಉರ್ದುವಿನಲ್ಲೂ ಬೇಕು. ಗಾಳಿ ಮಳೆ ಆದ ಮೇಲೆ ಗ್ರಾಮ ಆಡಳಿತ ಅಧಿಕಾರಿ ಮಾಡುವ ಪಂಚನಾಮೆಯ ಪ್ರತಿಯನ್ನು ಮನೆಯವರಿಗೆ ಅಲ್ಲೇ ಕೊಡಲು ತಹಶೀಲ್ದಾರರು ಆದೇಶ ಮಾಡಬೇಕು. ಇದಕ್ಕೆ ಹೊಸ ಕಾಯ್ದೆ ಬೇಡ, ಹೊಸ ದುಡ್ಡೂ ಬೇಡ. ಸರ್ವೇಯರ್ ವರದಿಯ ವಿಷಯ ಮಾತ್ರ ಐಆರ್‌ಡಿಎಐ ಮಟ್ಟದಲ್ಲಿ ಆಗಬೇಕು. ಕಂಪನಿಗೆ ಹೋಗುವ ಇಮೇಲ್‌ನಲ್ಲೇ ಪಾಲಿಸಿದಾರನ ವಿಳಾಸವನ್ನೂ ಸೇರಿಸಬೇಕು ಅಂತ ಒಂದು ಸಾಲಿನ ಆದೇಶ ಸಾಕು. ಕಲಬುರಗಿ, ಬೀದರ್ ಸಂಸದರು ಇದನ್ನು ಹಣಕಾಸು ಸಚಿವಾಲಯಕ್ಕೆ ಬರೆದು ಕೇಳಲಿ.

ಸಂಪಾದಕರೇ, ನಿಮ್ಮಲ್ಲೂ ಒಂದು ವಿನಂತಿ. ಗಾಳಿಗೆ ಮನೆ ಹಾನಿಯಾದ ಸುದ್ದಿ ಹಾಕುವಾಗ ಊರು, ತಾರೀಖು, ಸುಮಾರು ಎಷ್ಟು ಗಂಟೆಗೆ ಗಾಳಿ ಬೀಸಿತು ಅನ್ನುವುದನ್ನು ದಯವಿಟ್ಟು ಬಿಡದೆ ಹಾಕಿ. ಕಂಡಕ್ಟರ್ ಅವರ ಕೇಸಿನಲ್ಲಿ ಬೇರೆ ದಾಖಲೆಗಳ ಜೊತೆ ಒಂದು ಪತ್ರಿಕೆಯ ತುಣುಕನ್ನೂ ಕೊಟ್ಟಿದ್ದೆವು. ಅದರಲ್ಲಿ ನಮ್ಮ ಬಡಾವಣೆಯ ಹೆಸರು, ಸಂಜೆಯ ಹೊತ್ತು ಇದ್ದದ್ದರಿಂದ ಆ ದಿನ ಗಾಳಿಯೇ ಇರಲಿಲ್ಲ ಅನ್ನುವ ವಾದ ಮುಂದೆ ಬರಲಿಲ್ಲ.

ಇಂತಿ,
ನಿವೃತ್ತ ಜೂನಿಯರ್ ಇಂಜಿನಿಯರ್, ಕಲಬುರಗಿ